ಭಯ ಮನೆ ಮಾಡಿಕೊಂಡಾಗ: ಕೌಟುಂಬಿಕ ಹಿಂಸೆ ಮತ್ತು ಹೆಣ್ಣಿನ ಮನಸ್ಸು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಜಗಳದ ಮಟ್ಟಿಗೆ ನಿಜವಿರಬಹುದು. ಜಗಳದಲ್ಲಿ ಇಬ್ಬರಿಗೂ ಬಾಯಿ ಇರುತ್ತದೆ. ಇಬ್ಬರೂ ತಮಗೆ ತೋಚಿದ್ದನ್ನು ಆಡಿ ಮುಗಿಸುತ್ತಾರೆ. ಮುನಿಸು ಕರಗಿದ ಮೇಲೆ ಯಾರೂ ಯಾರಿಗೂ ಹೆದರಬೇಕಾದ ಕಾರಣ ಉಳಿಯುವುದಿಲ್ಲ. ಕೌಟುಂಬಿಕ ಹಿಂಸೆ ಈ ಅರ್ಥದ ಜಗಳವಲ್ಲ. ಅಲ್ಲಿ ಒಬ್ಬರು ಮಾತ್ರ ಮಾತನಾಡುತ್ತಾರೆ, ಇನ್ನೊಬ್ಬರು ಮುಂದಿನ ಮಾತು ಏನಿರಬಹುದು, ಕೈ ಯಾವಾಗ ಮೇಲೇಳಬಹುದು ಎಂದು ಲೆಕ್ಕ ಹಾಕುತ್ತ ದಿನ ದೂಡುತ್ತಾರೆ. ಉಂಡು ಮಲಗಿದ ಮೇಲೂ ಆ ಲೆಕ್ಕ ನಿಲ್ಲುವುದಿಲ್ಲ. ಹಿಂಸೆಯು ಹೆಣ್ಣಿನ ಮನಸ್ಸಿಗೆ ಮಾಡುವ ಹಾನಿಯನ್ನು ಅರಿಯಲು ಏಟಿಗಿಂತ ಹೆಚ್ಚಾಗಿ ಈ ನಿಲ್ಲದ ಲೆಕ್ಕಾಚಾರವನ್ನು ಗಮನಿಸಬೇಕಾಗುತ್ತದೆ.

ಇದರಲ್ಲಿ ಸಿಕ್ಕಿಕೊಂಡವರು ಬೆರಳೆಣಿಕೆಯ ಮಂದಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಒಮ್ಮೆಯಾದರೂ ದಾಂಪತ್ಯದಲ್ಲಿ ಅಥವಾ ಸಂಗಾತಿಯೊಡನೆ ಇದ್ದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 27ರಷ್ಟು ಮಂದಿ ಸಂಗಾತಿಯಿಂದಲೇ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಅನುಭವಿಸಿದ್ದಾರೆ. ಮಾತಿನ ಹಿಂಸೆ, ಬೆದರಿಕೆ, ಹಣ ಕೈಗೆ ಸಿಗದಂತೆ ಮಾಡುವುದು ಈ ಎಣಿಕೆಯಲ್ಲಿ ಸೇರಿಲ್ಲ. ಸೇರಿಸದಿರುವುದಕ್ಕೆ ಕಾರಣವೂ ಇದೆ: ಏಟನ್ನು ಎಣಿಸಬಹುದು, ಅವಮಾನವನ್ನು ಎಲ್ಲ ಸಮಾಜಗಳಿಗೂ ಒಪ್ಪುವ ಒಂದೇ ಅಳತೆಗೋಲಿನಿಂದ ಅಳೆಯುವುದು ಕಷ್ಟ. ಆದರೆ ಮನಸ್ಸಿನ ಮಾತು ಬಂದಾಗ, ಎಣಿಕೆಗೆ ಸಿಗದ ಈ ಭಾಗವೇ ಬಹಳ ಸಲ ಹೆಚ್ಚು ಭಾರದ್ದಾಗಿರುತ್ತದೆ. ಹೊಡೆತದ ನೋವು ವಾರದಲ್ಲಿ ಹೋಯಿತು, ಅವನಾಡಿದ ಮಾತು ಮಾತ್ರ ಹೋಗಲಿಲ್ಲ ಎಂದು ಹೇಳುವ ಹೆಂಗಸರು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ಇವಾನ್ ಸ್ಟಾರ್ಕ್ 2007ರಲ್ಲಿ ‘ಬಲವಂತದ ನಿಯಂತ್ರಣ’ ಎಂಬ ಪರಿಕಲ್ಪನೆಯನ್ನು ವಿಸ್ತಾರವಾಗಿ ಮಂಡಿಸಿದರು. ಅವರ ವಾದದ ತಿರುಳು ಇಷ್ಟು: ಕೌಟುಂಬಿಕ ಹಿಂಸೆಯನ್ನು ಬಿಡಿಬಿಡಿ ಹಲ್ಲೆಗಳ ಪಟ್ಟಿಯಾಗಿ ನೋಡಿದರೆ ಅದರ ಸ್ವರೂಪವೇ ಕೈತಪ್ಪುತ್ತದೆ, ಏಕೆಂದರೆ ಎಲ್ಲಿಗೆ ಹೋಗಬೇಕು, ಯಾರೊಡನೆ ಮಾತನಾಡಬೇಕು, ಎಷ್ಟು ಖರ್ಚು ಮಾಡಬೇಕು, ಏನು ಉಡಬೇಕು, ಎಷ್ಟು ಹೊತ್ತಿಗೆ ಫೋನ್ ಎತ್ತಬೇಕು ಎಂಬ ಸಣ್ಣಪುಟ್ಟ ವಿಷಯಗಳ ಮೇಲಿನ ಹಿಡಿತವೇ ಹಿಂಸೆಯ ಮುಖ್ಯ ಕೆಲಸ, ಏಟು ಆ ಹಿಡಿತವನ್ನು ಆಗಾಗ ನೆನಪಿಸುವ ಸಾಧನ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಕಾಯ್ದೆಯೊಂದು ಇಂಥ ನಿಯಂತ್ರಣವನ್ನೇ ಅಪರಾಧವೆಂದು ಘೋಷಿಸಿತು. ಮೈಮೇಲೆ ಒಂದೂ ಗಾಯವಿಲ್ಲದಿದ್ದರೂ ಅಲ್ಲಿ ಮೊಕದ್ದಮೆ ಹೂಡಲು ಸಾಧ್ಯ. ವರ್ಷಕ್ಕೊಮ್ಮೆ ಮಾತ್ರ ಕೈ ಎತ್ತುವ ಗಂಡನ ಹೆಂಡತಿ ವರ್ಷವಿಡೀ ಏಕೆ ಹೆದರಿರುತ್ತಾಳೆ ಎಂಬುದು ಈ ದೃಷ್ಟಿಯಿಂದ ನೋಡಿದಾಗ ಒಗಟಾಗಿ ಉಳಿಯುವುದಿಲ್ಲ.

ಎಚ್ಚರ ಆರದ ಮೈ

ಅಪಾಯ ಎದುರಾದಾಗ ಮಿದುಳಿನ ಆಳದಲ್ಲಿರುವ ಅಮಿಗ್ಡಲ ಎಂಬ ಸಣ್ಣ ಭಾಗ ಕರೆಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಅದರ ಹಿಂದೆಯೇ ಕಾರ್ಟಿಸೋಲ್ ಎಂಬ ಹಾರ್ಮೋನು ದೇಹವನ್ನು ಹೋರಾಟಕ್ಕೋ ಓಟಕ್ಕೋ ಅಣಿಗೊಳಿಸುತ್ತದೆ. ಎರಡೂ ಆಗದ ಸ್ಥಿತಿಯಲ್ಲಿ ಮೈ ಮರಗಟ್ಟಿ ನಿಲ್ಲುವುದೂ ಉಂಟು. ಅಪಾಯ ಕಳೆದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳಬೇಕು. ಈ ವ್ಯವಸ್ಥೆ ರೂಪುಗೊಂಡಿರುವುದೇ ಬಂದು ಹೋಗುವ ಅಪಾಯಕ್ಕಾಗಿ. ಅಪಾಯವು ಅದೇ ಸೂರಿನಡಿ ಉಂಡು, ಅದೇ ಹಾಸಿಗೆಯಲ್ಲಿ ಮಲಗಿ, ನಾಳೆಯೂ ಇಲ್ಲೇ ಇರುವುದಾದರೆ ಗಂಟೆ ನಿಲ್ಲುವುದು ಯಾವಾಗ?

ಆದ್ದರಿಂದಲೇ ಇಂಥ ಮನೆಯ ಹೆಣ್ಣು ಗೇಟಿನ ಸದ್ದಿನಲ್ಲಿ, ಚಪ್ಪಲಿ ಬಿಡುವ ರೀತಿಯಲ್ಲಿ, ಬಾಗಿಲಿಗೆ ಬೀಗದ ಕೈ ಹಾಕುವ ವೇಗದಲ್ಲಿ ಆ ಸಂಜೆಯ ಹವಾಮಾನವನ್ನು ಓದಲು ಕಲಿಯುತ್ತಾಳೆ. ಮನೋವೈದ್ಯರು ಇದನ್ನು ಅತಿಜಾಗರೂಕತೆ ಎನ್ನುತ್ತಾರೆ. ‘ಅತಿ’ ಎಂಬ ಪದ ಇಲ್ಲಿ ಅಷ್ಟು ನ್ಯಾಯವಾದುದಲ್ಲ ಎಂದೇ ನನ್ನ ಅನಿಸಿಕೆ, ಏಕೆಂದರೆ ಆ ಮನೆಯೊಳಗೆ ಅದು ಬೇಕಾದಷ್ಟೇ ಇರುವ ಎಚ್ಚರ. ತೊಂದರೆಯೆಂದರೆ ಆ ಎಚ್ಚರಕ್ಕೆ ಮೈ ಬೆಲೆ ತೆರುತ್ತದೆ. ನಿದ್ದೆ ತುಂಡಾಗುತ್ತದೆ, ಎದೆ ಡವಗುಟ್ಟುತ್ತದೆ, ಹೊಟ್ಟೆ ಕೆಡುತ್ತದೆ, ತಲೆನೋವು ಬಿಡುವುದಿಲ್ಲ, ಒಲೆಯ ಮೇಲೆ ಇಟ್ಟದ್ದು ಮರೆತುಹೋಗುತ್ತದೆ. ವೈದ್ಯರ ಬಳಿ ಹೋದಾಗ ಹೇಳಿಕೊಳ್ಳಲು ಸಾಧ್ಯವಾಗುವುದೂ ಇವಿಷ್ಟನ್ನೇ. ರಕ್ತಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ನಿದ್ದೆಯ ಮಾತ್ರೆ ಸಿಗುತ್ತದೆ.

10 ದೇಶಗಳ 24,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತನಾಡಿಸಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ವರದಿ 2005ರಲ್ಲಿ ಹೊರಬಂತು. ಬದುಕಿನ ಯಾವುದಾದರೂ ಹಂತದಲ್ಲಿ ಸಂಗಾತಿಯ ಹಿಂಸೆಗೆ ಒಳಗಾಗಿದ್ದವರು, ಸಂದರ್ಶನಕ್ಕೆ ಹಿಂದಿನ ನಾಲ್ಕು ವಾರಗಳಲ್ಲಿ ನೋವು, ತಲೆಸುತ್ತು, ನೆನಪಿನ ತೊಂದರೆ, ದಿನನಿತ್ಯದ ಕೆಲಸ ಮಾಡಲಾಗದಿರುವುದು ಇವುಗಳನ್ನು ಉಳಿದವರಿಗಿಂತ ಹೆಚ್ಚಾಗಿ ಹೇಳಿಕೊಂಡರು. ಆತ್ಮಹತ್ಯೆಯ ಯೋಚನೆ ಮತ್ತು ಪ್ರಯತ್ನಗಳೂ ಅವರಲ್ಲಿ ಹೆಚ್ಚಾಗಿದ್ದವು. ಹಿಂಸೆ ನಿಂತ ದಿನವೇ ಅದರ ಪರಿಣಾಮ ನಿಲ್ಲುವುದಿಲ್ಲ ಎಂಬುದಕ್ಕೆ ಆ ನಾಲ್ಕು ವಾರಗಳ ಲೆಕ್ಕ ಒಳ್ಳೆಯ ಸಾಕ್ಷಿ.

ಕಾಯಿಲೆಗಳ ಹೆಸರು, ಹೆಸರುಗಳ ಮಿತಿ

ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಸೇರಿದ್ದು 1980ರಲ್ಲಿ, ಬಹುಪಾಲು ಯುದ್ಧದಿಂದ ಮರಳಿದ ಸೈನಿಕರ ಅನುಭವದ ಒತ್ತಾಯದಿಂದ. ಬೇಡವೆಂದರೂ ನುಗ್ಗುವ ನೆನಪುಗಳು, ದುಃಸ್ವಪ್ನ, ಘಟನೆಯನ್ನು ನೆನಪಿಸುವ ಯಾವುದನ್ನೂ ನೋಡಲಾಗದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಅದರ ಲಕ್ಷಣಗಳು. ಅದೇ ಲಕ್ಷಣಗಳು ಹೊಡೆಸಿಕೊಂಡ ಹೆಂಗಸರಲ್ಲಿಯೂ ಇದ್ದವು. ಆದರೆ ಹೆಸರಿನೊಳಗಿನ ‘ಉತ್ತರ’ ಎಂಬ ಪದ ಅವರಿಗೆ ಹೊಂದುತ್ತಿರಲಿಲ್ಲ. ಸೈನಿಕ ಯುದ್ಧಭೂಮಿಯನ್ನು ಬಿಟ್ಟು ಮನೆಗೆ ಬಂದಿದ್ದ. ಈಕೆಗೆ ಮನೆಯೇ ಯುದ್ಧಭೂಮಿ, ಬಿಟ್ಟು ಬರಲು ಬೇರೆ ಮನೆಯಿಲ್ಲ.

ಈ ವ್ಯತ್ಯಾಸವನ್ನು ಗುರುತಿಸಿ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ, ತಪ್ಪಿಸಿಕೊಳ್ಳಲಾಗದ ಸ್ಥಿತಿಯಲ್ಲಿ ದೀರ್ಘಕಾಲ ಮತ್ತೆಮತ್ತೆ ನಡೆಯುವ ಆಘಾತಕ್ಕೆ ಬೇರೆಯೇ ಹೆಸರು ಬೇಕೆಂದು ವಾದಿಸಿದರು. ಅಂಥ ಆಘಾತವು ನೆನಪನ್ನು ಮಾತ್ರ ಕಾಡದೆ, ತಾನು ಯಾರು, ತನಗೇನು ಬೆಲೆ, ಯಾರನ್ನು ನಂಬಬಹುದು ಎಂಬ ತಿಳಿವಳಿಕೆಯನ್ನೇ ಬದಲಿಸುತ್ತದೆ ಎಂಬುದು ಅವರ ಗಮನಿಕೆ. ಮೂವತ್ತು ವರ್ಷಗಳ ಬಳಿಕ, 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ‘ಸಂಕೀರ್ಣ ಆಘಾತೋತ್ತರ ಒತ್ತಡದ ಕಾಯಿಲೆ’ ಪ್ರತ್ಯೇಕ ಸ್ಥಾನ ಪಡೆಯಿತು. ಭಾವನೆಗಳು ಹತೋಟಿಗೆ ಸಿಗದಿರುವುದು ಅಥವಾ ಸಂಪೂರ್ಣ ಮರಗಟ್ಟುವುದು, ತಾನು ಯಾವುದಕ್ಕೂ ಬಾರದವಳೆಂಬ ಗಟ್ಟಿಯಾದ ನಂಬಿಕೆ, ಯಾರ ಹತ್ತಿರಕ್ಕೂ ಹೋಗಲಾಗದ ದೂರ, ಇವು ಅದರಲ್ಲಿ ಹೆಚ್ಚುವರಿಯಾಗಿ ಸೇರಿರುವ ಲಕ್ಷಣಗಳು.

ಖಿನ್ನತೆಯ ಬಗ್ಗೆ ಸಂಶೋಧನೆ ಇನ್ನೂ ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಸಂಗಾತಿಯ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಸರಾಸರಿ ಶೇ 47.6 ಮಂದಿಗೆ ಖಿನ್ನತೆ, ಶೇ 63.8 ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಕಂಡುಬಂದಿತ್ತು. ಇಂಥ ಅಧ್ಯಯನಗಳಲ್ಲಿ ಆಶ್ರಯಧಾಮಗಳಿಗೆ ಬಂದವರು, ಅಂದರೆ ತೀವ್ರ ಹಿಂಸೆ ಕಂಡವರು ಹೆಚ್ಚಾಗಿರುತ್ತಾರೆ ಎಂಬುದನ್ನು ಮರೆಯಬಾರದು. ಸಾಮಾನ್ಯ ಜನಸಮುದಾಯದ ಮಟ್ಟಿಗೆ ಹೇಳುವುದಾದರೆ, 2013ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಸಂಗಾತಿಯ ಹಿಂಸೆ ಕಂಡ ಮಹಿಳೆಯರಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಮೊದಲೇ ಖಿನ್ನತೆ ಇದ್ದವರೇ ಇಂಥ ಸಂಬಂಧಗಳಿಗೆ ಸಿಕ್ಕಿಕೊಳ್ಳುತ್ತಾರೆಯೇ, ಅಥವಾ ಹಿಂಸೆಯಿಂದ ಖಿನ್ನತೆ ಬರುತ್ತದೆಯೇ? ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳ ಉತ್ತರ, ಎರಡೂ ಹೌದು. ಹಿಂಸೆ ಹೊಸದಾಗಿ ಖಿನ್ನತೆಯನ್ನು ತರುತ್ತದೆ. ಖಿನ್ನತೆ ಇರುವವಳು ಹಿಂಸಿಸುವವನಿಗೆ ಸುಲಭದ ಗುರಿಯಾಗುತ್ತಾಳೆ. ಒಂದು ಸುತ್ತು ಮುಗಿದಲ್ಲಿ ಇನ್ನೊಂದು ಆರಂಭವಾಗುತ್ತದೆ.

ಇದರ ಜೊತೆಗೆ ಬಹಳ ಕಾಲ ಯಾರೂ ಗಮನಿಸದೆ ಉಳಿದ ಸಂಗತಿಯೊಂದಿದೆ. ತಲೆಗೆ ಬಿದ್ದ ಏಟು, ಗೋಡೆಗೆ ಅಪ್ಪಳಿಸಿದ್ದು, ಕತ್ತು ಹಿಸುಕಿದಾಗ ಮಿದುಳಿಗೆ ಆಮ್ಲಜನಕ ತಪ್ಪಿದ್ದು ಮಿದುಳಿಗೇ ಗಾಯ ಮಾಡುತ್ತವೆ. ಕತ್ತು ಹಿಸುಕಿದ ಗುರುತು ಹೊರಗೆ ಕಾಣದೆಯೂ ಇರಬಹುದು. ಏಕಾಗ್ರತೆ ತಪ್ಪುವುದು, ಸಿಡಿಮಿಡಿ, ಮರೆವು, ಬೆಳಕು ತಾಳಲಾಗದಿರುವುದು ಹೀಗೆ ಅದರ ಲಕ್ಷಣಗಳು ಖಿನ್ನತೆ ಮತ್ತು ಆತಂಕದ ಲಕ್ಷಣಗಳಲ್ಲಿ ಬೆರೆತುಹೋಗುತ್ತವೆ. ಆಟಗಾರರ ತಲೆಗೆ ಪೆಟ್ಟಾದರೆ ಮೈದಾನದಿಂದ ಹೊರಗೆ ಕರೆದು ಪರೀಕ್ಷಿಸುವ ಪದ್ಧತಿ ಇದೆ. ಅಡುಗೆಮನೆಯಲ್ಲಿ ತಲೆಗೆ ಪೆಟ್ಟಾದವಳನ್ನು ಕೇಳುವವರಿಲ್ಲ.

ಏಕೆ ಬಿಟ್ಟು ಬರುವುದಿಲ್ಲ ಎಂಬ ಪ್ರಶ್ನೆ

ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಹುದಿತ್ತಲ್ಲ ಎಂಬ ಮಾತು ಸಹಾನುಭೂತಿ ಉಳ್ಳವರ ಬಾಯಿಂದಲೂ ಬರುತ್ತದೆ. 1979ರಲ್ಲಿ ಮನೋವಿಜ್ಞಾನಿ ಲೆನೋರ್ ವಾಕರ್ ಇದಕ್ಕೆ ಉತ್ತರ ಹುಡುಕುತ್ತ ಹಿಂಸೆಯ ಚಕ್ರವನ್ನು ವಿವರಿಸಿದರು: ಬಿಗುವು ಏರುತ್ತದೆ, ಸ್ಫೋಟವಾಗುತ್ತದೆ, ಆಮೇಲೆ ಕಾಲು ಹಿಡಿಯುವ, ಕಣ್ಣೀರಿಡುವ, ಇನ್ನೊಮ್ಮೆ ಹೀಗಾಗದು ಎನ್ನುವ ಘಟ್ಟ ಬರುತ್ತದೆ. ಜೊತೆಗೆ ಅವರು, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು ಮುಂದೆ ದಾರಿ ತೆರೆದಾಗಲೂ ಕದಲದೆ ಕೂತದ್ದನ್ನು ತೋರಿಸಿದ 1967ರ ಪ್ರಯೋಗಗಳ ‘ಕಲಿತ ಅಸಹಾಯಕತೆ’ಯ ಸಿದ್ಧಾಂತವನ್ನು ಹೆಂಗಸರಿಗೆ ಅನ್ವಯಿಸಿದರು. ಚಕ್ರದ ವಿವರಣೆ ಅನೇಕರಿಗೆ ತಮ್ಮ ಬದುಕನ್ನು ತಾವೇ ಗುರುತಿಸಿಕೊಳ್ಳಲು ನೆರವಾಗಿದೆ, ಎಲ್ಲ ಮನೆಗಳಲ್ಲಿಯೂ ಅದು ಅದೇ ಕ್ರಮದಲ್ಲಿ ತಿರುಗದಿದ್ದರೂ. ಎರಡನೆಯ ಭಾಗ ಹೆಚ್ಚು ಟೀಕೆಗೆ ಒಳಗಾಯಿತು, ಅದು ಸರಿಯೂ ಹೌದು. 1988ರಲ್ಲಿ ಎಡ್ವರ್ಡ್ ಗೊಂಡಾಲ್ಫ್ ಮತ್ತು ಎಲೆನ್ ಫಿಶರ್ ತದ್ವಿರುದ್ಧವಾದ ಚಿತ್ರವನ್ನು ಮುಂದಿಟ್ಟರು: ಹಿಂಸೆ ಹೆಚ್ಚಿದಂತೆಲ್ಲ ಹೆಂಗಸರು ನೆಂಟರನ್ನು, ವೈದ್ಯರನ್ನು, ಪೊಲೀಸರನ್ನು, ಧರ್ಮಗುರುಗಳನ್ನು ಹೆಚ್ಚುಹೆಚ್ಚಾಗಿ ಎಡತಾಕುತ್ತಾರೆ. ಕದಲದೆ ಕೂತಿರುವುದು ಬಹಳ ಸಲ ಆ ಬಾಗಿಲುಗಳ ಹಿಂದೆ ಇರುವವರು.

ಕಾಲು ಹಿಡಿಯುವ ಆ ಘಟ್ಟದ ಬಗ್ಗೆ ಇನ್ನಷ್ಟು ಹೇಳಬೇಕು. ನೋವು ಕೊಟ್ಟವನೇ ನೋವು ನೀಗಿಸುವವನೂ ಆದಾಗ, ಕ್ರೌರ್ಯದ ನಡುನಡುವೆ ಅನಿರೀಕ್ಷಿತವಾಗಿ ಅಕ್ಕರೆ ಸಿಕ್ಕಿದಾಗ, ಬೆಸುಗೆ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಡೊನಾಲ್ಡ್ ಡಟ್ಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಇದನ್ನು ಆಘಾತದ ಬಂಧ ಎಂದು ಕರೆದರು. ಅವನು ಒಳ್ಳೆಯವನೇ, ಕೋಪ ಬಂದಾಗ ಮಾತ್ರ ಹಾಗೆ ಎಂಬ ಮಾತನ್ನು ದಡ್ಡತನ ಎಂದು ತಳ್ಳಿಹಾಕುವವರು, ಆಕೆ ಹಿಡಿದುಕೊಂಡಿರುವುದು ನಿಜವಾಗಿಯೂ ಇದ್ದ ಒಳ್ಳೆಯ ದಿನಗಳನ್ನು ಎಂಬುದನ್ನು ಗಮನಿಸುವುದಿಲ್ಲ. ಇದರ ಪಕ್ಕದಲ್ಲಿ ಕೈಯಲ್ಲಿ ಕಾಸಿಲ್ಲದಿರುವುದು, ಮಕ್ಕಳು ಕೈತಪ್ಪುವ ಭಯ, ಹೊಂದಿಕೊಂಡು ಹೋಗು ಎನ್ನುವ ತವರು ಇವೆಲ್ಲ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಟ್ಟು ಹೊರಡುವ ಹೊತ್ತು ಮತ್ತು ಅದರ ನಂತರದ ಕೆಲವು ಕಾಲವೇ ಪ್ರಾಣಕ್ಕೆ ಅತಿ ಹೆಚ್ಚು ಅಪಾಯದ ಅವಧಿ ಎಂಬುದು ಕೊಲೆ ಪ್ರಕರಣಗಳ ಅಧ್ಯಯನಗಳಿಂದ ಗೊತ್ತಾಗಿದೆ. ಹೊರಡಲು ಹೆದರುವವಳು ಆ ಅಪಾಯವನ್ನು ಸರಿಯಾಗಿಯೇ ಅಳೆದಿರಬಹುದು.

ಲಕ್ಷಣವೇ ಆರೋಪವಾದಾಗ

ಇಷ್ಟು ದೂರ ಬಂದದ್ದು ಒಂದು ಮಾತನ್ನು ಹೇಳಲು. ಹಿಂಸೆಯು ಮನಸ್ಸಿನಲ್ಲಿ ಹುಟ್ಟಿಸಿದ ಪ್ರತಿಯೊಂದು ಲಕ್ಷಣವೂ ಒಂದಲ್ಲ ಒಂದು ದಿನ ಆಕೆಯ ವಿರುದ್ಧವೇ ಪುರಾವೆಯಾಗಿ ನಿಲ್ಲುತ್ತದೆ, ಈ ವಿಷಯದಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವ ಭಾಗ ಅದು. ಆಕೆ ಅತ್ತರೆ ಅಳುಮುಂಜಿ, ಅಳದಿದ್ದರೆ ಕಲ್ಲುಹೃದಯದವಳು, ಸಿಡುಕಿದರೆ ಬಾಯಿಬಡಕಿ, ಮರೆತರೆ ಬೇಜವಾಬ್ದಾರಿ. ಹೊಡೆದವನು ನೆಂಟರ ಮುಂದೆ ಶಾಂತನಾಗಿ ಕೂತು, ಇವಳಿಗೆ ತಲೆ ಸರಿಯಿಲ್ಲ, ನಾನೇ ಸಹಿಸಿಕೊಂಡು ಬಂದಿದ್ದೇನೆ ಎನ್ನುತ್ತಾನೆ. ಎದುರಿಗೆ ಕೂತವಳ ಕೈ ನಡುಗುತ್ತಿರುವುದನ್ನು ನೋಡಿದವರು ಅವನ ಮಾತನ್ನೇ ನಂಬುತ್ತಾರೆ.

ಮನೆಯೊಳಗೆ ಈ ಕೆಲಸ ಬಹಳ ಮೊದಲೇ ನಡೆದಿರುತ್ತದೆ. ನಾನು ಹಾಗೆ ಹೇಳಲೇ ಇಲ್ಲ, ನಿನಗೆ ಭ್ರಮೆ, ನೀನೇ ಎಡವಿ ಬಿದ್ದೆ ಎಂದು ದಿನವೂ ಕೇಳಿಸಿಕೊಂಡವಳು ತನ್ನ ಕಣ್ಣು ಕಿವಿಗಳನ್ನೇ ಅನುಮಾನಿಸತೊಡಗುತ್ತಾಳೆ. ಈಗ ಗ್ಯಾಸ್‌ಲೈಟಿಂಗ್ ಎಂಬ ಪದವನ್ನು ಸಣ್ಣ ಸುಳ್ಳಿಗೂ ಬಳಸುವ ರೂಢಿ ಬಂದಿದೆ, ಆದರೆ ಅದರ ನಿಜವಾದ ಅರ್ಥ ಇಷ್ಟು ಭಾರದ್ದು: ಒಬ್ಬರ ವಾಸ್ತವದ ಅರಿವನ್ನೇ ಕಿತ್ತುಕೊಳ್ಳುವುದು. ಗೆಳತಿಯರೊಡನೆ ಮಾತು ನಿಂತಿರುವಾಗ, ಹೌದು, ನಾನೂ ಅದನ್ನು ಕಂಡೆ ಎನ್ನುವವರೂ ಸಿಗುವುದಿಲ್ಲ.

ಠಾಣೆಯಲ್ಲಿ ಮತ್ತು ನ್ಯಾಯಾಲಯದಲ್ಲಿ ಇದೇ ಕತೆ ಮುಂದುವರಿಯುತ್ತದೆ. ತೀವ್ರ ಭಯದಲ್ಲಿ ಮಿದುಳು ಘಟನೆಯನ್ನು ಕ್ರಮವಾಗಿ ಜೋಡಿಸಿಡುವುದಿಲ್ಲ. ಒಂದು ವಾಸನೆ, ಒಂದು ಬೈಗುಳ, ನೆಲದ ತಂಪು ಸ್ಪಷ್ಟವಾಗಿ ಉಳಿದು, ಯಾವ ವಾರ, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. ತುಂಡುತುಂಡಾದ ಹೇಳಿಕೆ ಸುಳ್ಳಿನಂತೆ ಕೇಳಿಸುತ್ತದೆ. ಭಾವನೆಯೇ ಇಲ್ಲದಂತೆ, ಇನ್ನೊಬ್ಬರ ಕತೆ ಹೇಳುವಂತೆ ಹೇಳಿದರೆ ಅದೂ ನಾಟಕದಂತೆ ಕಾಣುತ್ತದೆ, ಅದು ತಾಳಲಾಗದ ನೋವಿನಿಂದ ಮನಸ್ಸು ದೂರ ಸರಿದು ನಿಂತ ಗುರುತು ಎಂಬುದು ಕೇಳುವವರಿಗೆ ತಿಳಿದಿರುವುದಿಲ್ಲ. ಮಕ್ಕಳ ಪಾಲನೆಯ ವ್ಯಾಜ್ಯದಲ್ಲಿ ಆಕೆಯ ಖಿನ್ನತೆಯ ಚಿಕಿತ್ಸೆಯ ಚೀಟಿ ಎದುರು ಪಕ್ಷದ ಕೈಯಲ್ಲಿರುತ್ತದೆ. ಆ ಭಯದಿಂದಲೇ ಚಿಕಿತ್ಸೆಗೆ ಹೋಗದೆ ಉಳಿದವರಿದ್ದಾರೆ.

ಗರ್ಭಿಣಿಯಾಗಿದ್ದಾಗ ಹಿಂಸೆ ಕಂಡವರಲ್ಲಿ ಹೆರಿಗೆಯ ನಂತರದ ಖಿನ್ನತೆ ಹೆಚ್ಚು. ಮಗುವಿನತ್ತ ಮನಸ್ಸು ಹೋಗದಿರುವುದನ್ನು ತಾಯ್ತನದ ಕೊರತೆ ಎನ್ನುವವರು, ಬಸುರಿಯ ದಿನಗಳು ಹೇಗೆ ಕಳೆದವು ಎಂದು ಕೇಳಿರುವುದಿಲ್ಲ.

ನೆರವು ಯಾವ ಕ್ರಮದಲ್ಲಿ

ಹಿಂಸೆ ನಡೆಯುತ್ತಲೇ ಇರುವಾಗ ಮನಸ್ಸನ್ನು ಮಾತ್ರ ಸರಿಪಡಿಸಲು ಹೊರಡುವುದು, ಸೂರು ಸೋರುತ್ತಿರುವಾಗ ನೆಲ ಒರೆಸಿದಂತೆ. ಸುರಕ್ಷಿತತೆ, ಆಮೇಲೆ ನೆನಪು ಮತ್ತು ಶೋಕ, ಆಮೇಲೆ ಜನರೊಡನೆ ಮರುಬೆಸುಗೆ ಎಂಬುದು ಹರ್ಮನ್ ಸೂಚಿಸಿದ ಕ್ರಮ. ನೆನಪುಗಳನ್ನು ಎದುರಿಸುವ ಚಿಕಿತ್ಸೆಗಳು, ಉದಾಹರಣೆಗೆ ಆಘಾತಕ್ಕೆ ಹೊಂದಿಸಿದ ಅರಿವಿನ ವರ್ತನಾ ಚಿಕಿತ್ಸೆ ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್, ಹಿಂಸೆ ನಿಂತವರಿಗೆ ಚೆನ್ನಾಗಿ ನೆರವಾಗುತ್ತವೆ. ಖಿನ್ನತೆಗೆ ಔಷಧಿ ಬೇಕಾದವರಿಗೆ ಔಷಧಿ ಸಿಗಬೇಕು. ಆದರೆ ಅಪಾಯದ ನಡುವೆಯೇ ಇರುವವಳಿಗೆ ಮಂಪರು ಬರಿಸುವ ಮಾತ್ರೆ ಬರೆಯುವಾಗ, ಆಕೆಯನ್ನು ಕಾಯುತ್ತಿರುವ ಎಚ್ಚರವನ್ನೂ ಅದು ಮಂಕಾಗಿಸುತ್ತದೆ ಎಂಬುದು ವೈದ್ಯರ ಗಮನದಲ್ಲಿರಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುವ ದಂಪತಿ ಸಮಾಲೋಚನೆ, ಹಿಂಸೆ ನಡೆಯುತ್ತಿರುವಲ್ಲಿ ಒಳ್ಳೆಯದಲ್ಲ: ಕೊಠಡಿಯಲ್ಲಿ ಆಕೆ ಆಡಿದ ನಿಜಕ್ಕೆ ಮನೆಯಲ್ಲಿ ಉತ್ತರ ಸಿಗುತ್ತದೆ.

ನೆರವೆಂದರೆ ಚಿಕಿತ್ಸೆಯೇ ಆಗಬೇಕೆಂದೂ ಇಲ್ಲ. ಆಶ್ರಯಧಾಮದಿಂದ ಹೊರಬಂದ 278 ಮಹಿಳೆಯರನ್ನು ಒಳಗೊಂಡು ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕೆಲವರಿಗೆ ಹತ್ತು ವಾರ ಕಾಲ ತರಬೇತಾದ ಸಹಾಯಕಿಯೊಬ್ಬಳು ಜೊತೆಗಿದ್ದು ಮನೆ, ಕೆಲಸ, ಕಾನೂನು, ಮಕ್ಕಳ ಶಾಲೆ ಹೀಗೆ ಅವರಿಗೆ ಬೇಕೆನಿಸಿದ್ದನ್ನು ಹೊಂದಿಸಿಕೊಳ್ಳಲು ನೆರವಾದಳು. ಮುಂದಿನ ಎರಡು ವರ್ಷಗಳಲ್ಲಿ ಹಿಂಸೆಯೇ ಇಲ್ಲದೆ ಬದುಕಿದವರ ಪ್ರಮಾಣ, ಈ ನೆರವು ಸಿಗದವರಿಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚಿತ್ತು.

ಹೊರಬಂದ ಮೇಲೆ ಕೆಲವರ ಸ್ಥಿತಿ ಮೊದಲಿಗಿಂತ ಹದಗೆಟ್ಟಂತೆ ಕಾಣುವುದುಂಟು. ಉಳಿಯುವುದಕ್ಕಾಗಿ ಅದುಮಿಟ್ಟ ಭಯ, ಕೋಪ, ದುಃಖಗಳು ಜಾಗ ಸುರಕ್ಷಿತವೆಂದು ಖಾತ್ರಿಯಾದ ಮೇಲೆ ಹೊರಬರುತ್ತವೆ. ಅವನ ಜೊತೆಗಿದ್ದಾಗಲೇ ಚೆನ್ನಾಗಿದ್ದೆಯಲ್ಲ ಎಂದು ಹತ್ತಿರದವರು ಅನ್ನುವುದು ಈ ಹಂತದಲ್ಲಿಯೇ. ಕೇಳಿಸಿಕೊಳ್ಳುವವರು ತಜ್ಞರಾಗಿರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಹೇಳಿದ ಮೊದಲ ನೆರವು ಯಾರೂ ಕಲಿಯಬಹುದಾದದ್ದು: ತೀರ್ಪು ಕೊಡದೆ ಕೇಳುವುದು, ಆಕೆಗೆ ಈಗ ಬೇಕಾದುದೇನೆಂದು ವಿಚಾರಿಸುವುದು, ಆಕೆಯನ್ನು ನಂಬಿದ್ದೇವೆಂದು ತಿಳಿಯಪಡಿಸುವುದು, ಸುರಕ್ಷಿತತೆಯ ದಾರಿ ಯೋಚಿಸುವುದು, ಮುಂದಿನ ನೆರವಿನೊಡನೆ ಸಂಪರ್ಕ ಕಲ್ಪಿಸುವುದು. ಸಾಯುವ ಮಾತು ಬಂದರೆ ಆ ಬಗ್ಗೆ ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಅಥವಾ ಸಹಾಯವಾಣಿಗೆ ಅಂದೇ ತಲುಪಿಸಲು ಅನುವಾಗುತ್ತದೆ.

ವೈದ್ಯರು ಮಾಡಬಹುದಾದ ಇನ್ನೊಂದು ಕೆಲಸ ಬರವಣಿಗೆಯದು. ದಾಖಲೆಯಲ್ಲಿ ‘ನಿದ್ರಾಹೀನತೆ, ಆತಂಕ’ ಎಂದಷ್ಟೇ ಇದ್ದರೆ ಅದು ಆಕೆಯ ಸ್ವಭಾವದ ವರ್ಣನೆಯಂತೆ ಓದಿಸಿಕೊಳ್ಳುತ್ತದೆ. ಆಕೆಯ ಒಪ್ಪಿಗೆ ಪಡೆದು, ಆ ಕಡತ ಗಂಡನ ಕಣ್ಣಿಗೆ ಬೀಳದಂತೆ ನೋಡಿಕೊಂಡು, ಆಕೆಯದೇ ಮಾತಿನಲ್ಲಿ ‘ಎರಡು ವರ್ಷಗಳಿಂದ ಗಂಡ ಹೊಡೆಯುತ್ತಾನೆ, ಅಂದಿನಿಂದ ನಿದ್ದೆಯಿಲ್ಲ’ ಎಂದು ಬರೆದಿಟ್ಟರೆ, ಅದೇ ಎರಡು ಲಕ್ಷಣಗಳು ನ್ಯಾಯಾಲಯದಲ್ಲಿ ಬೇರೆಯೇ ಒಬ್ಬರ ಮೇಲಿನ ಪುರಾವೆಯಾಗುತ್ತವೆ.